ಕೆಗ್‌ನಲ್ಲೇ ಡ್ರೈ ಹಾಪ್: ನಾಲ್ಕು ಬ್ಯಾಚ್ ಚೆಲ್ಲಿದ ಮೇಲೆ ಕೈಹಿಡಿದ ವಿಧಾನ

ಬಿಯರಿಗೆ ಕಹಿ, ಪರಿಮಳ ಕೊಡುವ ಹೂವೇ ಹಾಪ್ಸ್; ಅದನ್ನು ಕುದಿಸದೆ ಹಾಗೇ ಬಿಯರಿಗೆ ಹಾಕುವುದು ಡ್ರೈ ಹಾಪ್. ಆ ಹಾಪ್ಸ್ ಚೀಲವನ್ನು ಸರ್ವಿಂಗ್ ಕೆಗ್ (ಬಿಯರ್ ಎಳೆದು ಕುಡಿಯುವ ಉಕ್ಕಿನ ಪೀಪಾಯಿ) ಒಳಗೇ ಇಟ್ಟು ಕೊನೆಯ ಲೋಟದವರೆಗೂ ತೆಗೆಯದೆ ಬಿಟ್ಟರೆ ಬಿಯರ್ ಹಸಿಹುಲ್ಲು ನಾರುತ್ತದೆ ಎಂದು ಇಲ್ಲಿ ಸಿಯಾಟಲ್‌ನಲ್ಲಿ ಬ್ರೂ ಮಾಡುವ ಗೆಳೆಯರು ಹೇಳಿದ್ದೇ ಹೇಳಿದ್ದು. 3 ಡಿಗ್ರಿ ಚಳಿಯಲ್ಲಿ ಹಾಪ್ಸ್ ಪರಿಮಳವನ್ನೇ ಬಿಡುವುದಿಲ್ಲ ಎಂದವರೂ ಅವರೇ. ಏನೂ ಬಿಡದಿದ್ದರೆ ಹುಲ್ಲು ವಾಸನೆ ಎಲ್ಲಿಂದ ಬರಬೇಕು ಎಂದರೆ ಉತ್ತರವಿಲ್ಲ. ಈಗಿನ ಕೆಗ್ ತುಂಬಿ ಆರು ವಾರವಾಯಿತು. ಲೋಟದಲ್ಲಿ ಇನ್ನೂ ಮೋಸಂಬಿ ರಸದ ಬಣ್ಣ, ಮೂಗಿಗೆ ಮಾವು ಮತ್ತು ಕಿತ್ತಳೆ ಸಿಪ್ಪೆ. ಬೇಡ ಎಂದವರೇ ಎರಡನೇ ಲೋಟ ಹಿಡಿಯುತ್ತಿದ್ದಾರೆ.

ವರ್ಟ್ (ಹುದುಗುವ ಮೊದಲಿನ ಮಾಲ್ಟ್ ರಸ) ವಿಷಯ ಬೇಗ ಮುಗಿಸುತ್ತೇನೆ, ಅದು ನಿಮಗೆಲ್ಲ ಗೊತ್ತಿರುವುದೇ. ಟೂ-ರೋ ಬಾರ್ಲಿ ಮಾಲ್ಟ್, ಐದನೇ ಒಂದು ಪಾಲು ಓಟ್ಸ್ ಅವಲಕ್ಕಿ, ಸ್ವಲ್ಪ ಗೋಧಿ. 67 ಡಿಗ್ರಿ ಬಿಸಿನೀರಿನಲ್ಲಿ ನೆನೆಹಾಕುವ ಮ್ಯಾಶ್. ಶುರುವಿನ ಗ್ರ್ಯಾವಿಟಿ (ಸಕ್ಕರೆ ಎಷ್ಟಿದೆ ಎಂದು ತೋರುವ ಸಾಂದ್ರತೆ) 1.065, ಕೊನೆಯದು 1.014ರ ಆಸುಪಾಸು. ನೀರಿನಲ್ಲಿ ಕ್ಲೋರೈಡ್ 150, ಸಲ್ಫೇಟ್ 75 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು). ಯೀಸ್ಟ್ ಲಂಡನ್ ಏಲ್ 3. ಕೆಗ್ 19 ಲೀಟರಿನ ಬಾಲ್ ಲಾಕ್ (ಕೊಳವೆಗಳನ್ನು ಒತ್ತಿ ಸಿಕ್ಕಿಸುವ ಬಗೆ).

ಮೊದಲ ಎರಡು ಬ್ಯಾಚ್ ಕೆಟ್ಟದ್ದು ಗಾಳಿಯಿಂದ. ತುಂಬಿದ ಕೆಗ್‌ನ ಮುಚ್ಚಳ ತೆಗೆದು, ಚೀಲ ಇಳಿಬಿಟ್ಟು, ನಾಲ್ಕು ಸಲ ಗ್ಯಾಸ್ (ಇಂಗಾಲದ ಡೈಆಕ್ಸೈಡ್) ತುಂಬಿ ಹೊರಬಿಟ್ಟರೆ ಸಾಕು ಎಂದುಕೊಂಡಿದ್ದೆ. ಮೂರನೇ ವಾರಕ್ಕೆ ಬಿಯರ್ ಕತ್ತರಿಸಿಟ್ಟ ಸೇಬಿನಂತೆ ಕಂದಿತು, ಪರಿಮಳ ಹೋಗಿ ಸಪ್ಪೆ ಜೇನಿನ ಸಿಹಿ ಉಳಿಯಿತು. ಹಾಪ್ಸೇ ಕಳಪೆ ಎಂದು ದುಬಾರಿ ಪ್ಯಾಕೆಟ್ ತಂದೆ. ಅದಕ್ಕೂ ಅದೇ ಗತಿ. ಲೆಕ್ಕ ಹಾಕಿದಾಗ ತಪ್ಪು ಸಿಕ್ಕಿತು. ಒತ್ತಡವನ್ನು 30 ಪಿಎಸ್‌ಐಗೆ ಏರಿಸಿ ಹೊರಬಿಟ್ಟರೆ ಒಂದು ಸಲಕ್ಕೆ ಒಳಗಿನ ಆಮ್ಲಜನಕ ಮೂರನೇ ಒಂದಕ್ಕೆ ಇಳಿಯುತ್ತದೆ, ಅಷ್ಟೇ. ನಾಲ್ಕು ಸಲ ಮಾಡಿದರೂ ಸಾವಿರಾರು ಪಿಪಿಎಂ ಉಳಿದಿರುತ್ತದೆ. ಒಂದಂಕಿಗೆ ತರಲು ಹತ್ತು ಸಲ ಬೇಕು. ಚೀಲದ ಪೆಲೆಟ್ (ಗುಳಿಗೆಯಾಗಿ ಒತ್ತಿದ ಹಾಪ್ಸ್) ಸಂದಿಯಲ್ಲಿ ಕೂತ ಗಾಳಿ ಬೇರೆ.

ಮೂರನೆಯದು ಶುದ್ಧ ಎಡವಟ್ಟು. ಆಗಲೇ ಕಾರ್ಬೊನೇಟ್ ಆಗಿದ್ದ ಕೆಗ್ ತೆರೆದು ಪೆಲೆಟ್ ಸುರಿದೆ. ಪೆಲೆಟ್‌ನ ಒಂದೊಂದು ಕಣವೂ ಗುಳ್ಳೆ ಹುಟ್ಟುವ ಜಾಗ. ಎರಡು ಸೆಕೆಂಡಿಗೆ ಹಸಿರು ಕಾರಂಜಿ ಗ್ಯಾರೇಜ್ ಸೂರಿಗೆ ತಾಗಿತು. ಮೂರು ಲೀಟರ್ ನೆಲಕ್ಕೆ, ಉಳಿದದ್ದು ಗಾಳಿ ತಿಂದು ಹಾಳು. ಹಾಪ್ಸ್ ಮೇಲೆ ಬಿಯರ್ ಬರಬೇಕೇ ಹೊರತು ಬಿಯರ್ ಮೇಲೆ ಹಾಪ್ಸ್ ಅಲ್ಲ. ವಿಧಾನ ಬದಲಾದದ್ದೇ ಇಲ್ಲಿಂದ.

ನಾಲ್ಕನೆಯದರಲ್ಲಿ ಸ್ಟೀಲ್ ಜಾಲರಿಯ ಕೊಳವೆಗೆ 140 ಗ್ರಾಂ ತುರುಕಿದ್ದೆ. ಪೆಲೆಟ್ ನೆನೆದರೆ ಹಲವು ಪಟ್ಟು ಉಬ್ಬುತ್ತದೆ. ಕೆಗ್ ಖಾಲಿಯಾದ ಮೇಲೆ ಬಿಚ್ಚಿದರೆ ನಡುವಿನ ಹಾಪ್ಸ್ ಒಣಪುಡಿಯಾಗಿಯೇ ಇತ್ತು. ಅರ್ಧ ದುಡ್ಡು ಬಿಯರ್ ಮುಟ್ಟಲೇ ಇಲ್ಲ. ಚೀಲವಿಲ್ಲದೆ ಹಾಗೇ ಹಾಕಿ ನೋಡಿದೆ. ಪುಡಿ ಪಾಪೆಟ್‌ಗೆ (ಕೆಗ್ ಬಾಯಿಯ ಸ್ಪ್ರಿಂಗ್ ಕವಾಟ) ಸಿಕ್ಕಿ ನಲ್ಲಿ ಕಟ್ಟಿತು, ಬಂದಷ್ಟು ಬಿಯರ್ ಗಂಟಲು ಕೆರೆಯಿತು. ಅದನ್ನು ಹೇಗೋ ಕುಡಿದು ಮುಗಿಸಿದ್ದಾಯಿತು, ಚೆಲ್ಲಿದ ಲೆಕ್ಕಕ್ಕಿಲ್ಲ.

ಈಗ ಮಾಡುವುದು ಹೀಗೆ. ತೇಲುವ ಡಿಪ್ ಟ್ಯೂಬ್ (ಮೇಲ್ಪದರದ ಬಿಯರ್ ಎಳೆಯುವ ಕೊಳವೆ) ಹಾಕಿದ ಖಾಲಿ ಕೆಗ್. ಎರಡು ದೊಡ್ಡ ವಾಯಿಲ್ ಬಟ್ಟೆಯ ಚೀಲ, ತಲಾ 70 ಗ್ರಾಂ, ಮುಕ್ಕಾಲು ಭಾಗ ಖಾಲಿಯೇ ಇರಲಿ. ಪ್ರತಿಯೊಂದರಲ್ಲೂ ಸ್ಟೇನ್‌ಲೆಸ್ ತೂಕ. ದಾರ ಕಟ್ಟಿ ಮುಚ್ಚಳಕ್ಕೆ ನೇತುಹಾಕಬೇಡಿ: ಕೆಗ್ ಅರ್ಧವಾದ ಮೇಲೆ ಚೀಲ ಒಣಗಿ ನಿಲ್ಲುತ್ತದೆ, ದಾರ ಓ-ರಿಂಗ್ ಕೆಳಗೆ ಸಿಕ್ಕಿ ಗ್ಯಾಸ್ ಸೋರುತ್ತದೆ. ತಳದಲ್ಲಿ ಕೂತರೆ ಕೊನೆಯವರೆಗೂ ಮುಳುಗಿರುತ್ತದೆ, ನಾವು ಎಳೆಯುವುದು ಮೇಲಿನ ಬಿಯರ್. ಡಿಪ್ ಟ್ಯೂಬಿನ ಸಿಲಿಕೋನ್ ಕೊಳವೆಯನ್ನು ಚೀಲಕ್ಕೆ ತಾಗದಷ್ಟು ಗಿಡ್ಡ ಕತ್ತರಿಸಿ. ತಳದ ಒಂದು ಲೀಟರ್ ಬಿಟ್ಟುಕೊಡಬೇಕು, ಹೊಟ್ಟೆ ಉರಿಯುತ್ತದೆ, ಬೇರೆ ದಾರಿಯಿಲ್ಲ.

ಗಾಳಿ ತೆಗೆಯಲು ಸಿಲಿಂಡರ್ ಗ್ಯಾಸ್ ದಂಡ ಮಾಡುವುದಿಲ್ಲ. 20 ಲೀಟರ್ ವರ್ಟ್ ಹುದುಗುವಾಗ ಸುಮಾರು 500 ಲೀಟರ್ ಗ್ಯಾಸ್ ಪುಕ್ಕಟೆ ಬರುತ್ತದೆ. ಫರ್ಮೆಂಟರ್‌ನ (ಹುದುಗುವ ಪಾತ್ರೆ) ಗ್ಯಾಸ್ ಕೊಳವೆಯನ್ನು ಕೆಗ್‌ನ ಲಿಕ್ವಿಡ್ ಪೋಸ್ಟಿಗೆ (ಬಿಯರ್ ಹೋಗಿಬರುವ ಬಾಯಿ) ಕೊಟ್ಟು, ಗ್ಯಾಸ್ ಪೋಸ್ಟಿನಿಂದ ಹೊರಬರುವ ಕೊಳವೆಯನ್ನು ಸ್ಟಾರ್ ಸ್ಯಾನ್ (ಸೋಂಕು ನಿವಾರಕ ದ್ರಾವಣ) ಬಕೆಟ್‌ನಲ್ಲಿ ಮುಳುಗಿಸಿ. ನಡುವೆ ಒಂದು ಖಾಲಿ ಜಾಡಿ ಬೇಕೇ ಬೇಕು, ಇಲ್ಲದಿದ್ದರೆ ಉಕ್ಕಿದ ಯೀಸ್ಟ್ ನೊರೆ ಸೀದಾ ಹಾಪ್ಸ್ ಮೇಲೆ ಬಂದು ಕೂರುತ್ತದೆ. ಹಾಪ್ಸ್ ಹಾಕುವುದು ಎರಡನೇ ದಿನ ಸಂಜೆ, ನೊರೆ ಹತೋಟಿಗೆ ಬಂದ ಮೇಲೆ. ಆಗಲೂ ಅರ್ಧದಷ್ಟು ಗ್ಯಾಸ್ ಬಾಕಿ ಇರುತ್ತದೆ, ಧಾರಾಳ ಸಾಕು.

ಗ್ರ್ಯಾವಿಟಿ ಮೂರು ದಿನ ಕದಲದಿದ್ದರೆ, ಒಂದು ಲೋಟ ಬಿಯರನ್ನು 60 ಡಿಗ್ರಿ ನೀರಿನಲ್ಲಿ 20 ನಿಮಿಷ ಇಟ್ಟು ಮೂಸಿ. ಬೆಣ್ಣೆ ವಾಸನೆ ಬಂದರೆ ಇನ್ನೆರಡು ದಿನ ಕಾಯಿರಿ. ಆಮೇಲೆ 12 ಡಿಗ್ರಿಗೆ ಇಳಿಸಿ ಎರಡು ದಿನ ಬಿಟ್ಟರೆ ಯೀಸ್ಟ್ ತಳ ಹಿಡಿಯುತ್ತದೆ. ತಣಿಸುವಾಗ ಬಕೆಟ್ ಕೊಳವೆ ತೆಗೆದು 3-4 ಪಿಎಸ್‌ಐ ಒತ್ತಡ ಕೊಡಿ, ಮರೆತರೆ ಸ್ಟಾರ್ ಸ್ಯಾನ್ ಒಳಗೆ ಎಳೆದುಕೊಳ್ಳುತ್ತದೆ. ವರ್ಗಾವಣೆ ಮುಚ್ಚಿದ ಸುತ್ತಿನಲ್ಲಿ: ಬಿಯರ್ ಲಿಕ್ವಿಡ್ ಪೋಸ್ಟಿನಿಂದ ಕೆಗ್‌ಗೆ, ಕೆಗ್‌ನ ಗ್ಯಾಸ್ ವಾಪಸ್ ಫರ್ಮೆಂಟರ್‌ಗೆ. ನಿಧಾನ, ಅರ್ಧ ಗಂಟೆ ಹಿಡಿಯಲಿ.

ಒಂದು ದಿನ 12 ಡಿಗ್ರಿಯಲ್ಲೇ ಇಟ್ಟು, ಬೆಳಿಗ್ಗೆ ಸಂಜೆ ಕೆಗ್ಗನ್ನು ನೆಲದ ಮೇಲೆ ಹತ್ತು ಸುತ್ತು ಉರುಳಿಸುತ್ತೇನೆ. ನಂತರ 3 ಡಿಗ್ರಿ, 12 ಪಿಎಸ್‌ಐ. ಮೊದಲ ವಾರ ಗಂಟಲಲ್ಲಿ ಚುರುಕು ಇರುತ್ತದೆ, ಹತ್ತನೇ ದಿನಕ್ಕೆ ಕಣ ತಳ ಸೇರಿ ಮೃದುವಾಗುತ್ತದೆ. ಗಾಳಿ ಇಲ್ಲದೆ, ಬೆಚ್ಚಗಾಗದೆ ಇದ್ದರೆ ಹುಲ್ಲು ವಾಸನೆ ನನಗಂತೂ ಬಂದಿಲ್ಲ.

ಬೆಚ್ಚಗಾದರೆ ಮಾತ್ರ ಕಥೆ ಬೇರೆ. ಒಂದು ಕೆಗ್ ಪಾರ್ಟಿಗೆ ಹೋಗಿ 25 ಡಿಗ್ರಿಯಲ್ಲಿ ನಾಲ್ಕು ದಿನ ಕೂತು ಬಂತು. ಗ್ರ್ಯಾವಿಟಿ 1.011ಕ್ಕೆ ಇಳಿದಿತ್ತು, ಒತ್ತಡ ಏರಿತ್ತು, ತುಂಬ ಬೆಣ್ಣೆ ವಾಸನೆ. ಚೆಲ್ಲಿದ್ದರಲ್ಲಿ ನಾಲ್ಕನೆಯದು ಅದೇ. ಹಾಪ್ಸ್‌ನಲ್ಲಿರುವ ಕಿಣ್ವಗಳು ಡೆಕ್ಸ್‌ಟ್ರಿನ್ (ಯೀಸ್ಟ್ ತಿನ್ನಲಾಗದೆ ಉಳಿದ ಪಿಷ್ಟದ ತುಣುಕು) ಒಡೆದು ಯೀಸ್ಟ್‌ಗೆ ಮತ್ತೆ ಊಟ ಬಡಿಸುತ್ತವೆ. ಇದೇನು ಹೇಜಿ (ಹಾಪ್ಸ್ ತುಂಬಿದ ಮಬ್ಬು ಬಿಯರ್) ಕಾಲದ ಹೊಸ ಕಾಯಿಲೆಯಲ್ಲ, 1893ರಲ್ಲೇ ಬ್ರೌನ್ ಮತ್ತು ಮಾರಿಸ್ ಎಂಬ ಇಂಗ್ಲಿಷರು ಗುರುತಿಸಿದ್ದರು.

140 ಗ್ರಾಂ ಯಾಕೆ ಅಂದರೆ, 250 ಹಾಕಿಯೂ ನೋಡಿದ್ದೇನೆ. ಹೆಚ್ಚಾದದ್ದು ಖರ್ಚು ಮತ್ತು ಚಹಾ ಸೊಪ್ಪಿನ ಒಗರು. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಶೆಲ್‌ಹ್ಯಾಮರ್ ತಂಡ 2018ರಲ್ಲಿ ಹೇಳಿದ್ದೂ ಅದನ್ನೇ: ಲೀಟರಿಗೆ 8 ಗ್ರಾಂ ದಾಟಿದರೆ ಹಾಕಿದಷ್ಟು ಪರಿಮಳ ಬರುವುದಿಲ್ಲ. ನಮ್ಮ ಕೆಗ್‌ಗೆ ಅದು 152 ಗ್ರಾಂ. ಹಾಕುವ ಹಾಪ್ಸ್ ತಳಿಗಳು ಸಿಟ್ರಾ, ಮೊಸಾಯಿಕ್ ಮತ್ತು ಇನ್ನೊಂದು. ಆ ಇನ್ನೊಂದು ಯಾವುದು, ಅಳತೆ ಎಷ್ಟು ಎಂದು ಕೇಳಬೇಡಿ. ಆಮ್ಲಜನಕ ಹೀರುವ ಮೆಟಾಬೈಸಲ್ಫೈಟ್ ಪುಡಿಯನ್ನು ಚಿಟಿಕೆಯಷ್ಟು ಯಾವಾಗ ಸೇರಿಸುತ್ತೇನೆ ಎಂಬುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡಿನ ಲೆಕ್ಕ ನೆನಪಿನಿಂದ: ಹಳೇ ಕೆಗ್ 70 ಡಾಲರ್, ತೇಲುವ ಡಿಪ್ ಟ್ಯೂಬ್ 20, ಚೀಲ, ತೂಕ, ಕೊಳವೆ ಎಲ್ಲ ಸೇರಿ 30. ಹಾಪ್ಸ್ ಔನ್ಸ್ ಲೆಕ್ಕದಲ್ಲಿ ಕೊಂಡರೆ ಔನ್ಸಿಗೆ ಎರಡೂವರೆ ಮೂರು ಡಾಲರ್, ಪೌಂಡ್ ಲೆಕ್ಕದಲ್ಲಿ ಕೊಂಡರೆ ಔನ್ಸಿಗೆ ಅದರ ಅರ್ಧ. ಹಾಪ್ಸ್ ಬೆಳೆಯುವ ಯಾಕಿಮಾ ಕಣಿವೆ ಇಲ್ಲಿಂದ ಎರಡೂವರೆ ಗಂಟೆ ದಾರಿ, ಆಗಸ್ಟ್-ಸೆಪ್ಟೆಂಬರ್ ಕೊಯ್ಲಿನ ಪೆಲೆಟ್ ಚಳಿಗಾಲಕ್ಕೆ ಬರುತ್ತದೆ, ವರ್ಷದ್ದು ಆಗಲೇ ಕೊಂಡು ಫ್ರೀಜರಿಗೆ. ಚೆಲ್ಲಿದ ನಾಲ್ಕು ಬ್ಯಾಚಿನಲ್ಲಿ 220 ಡಾಲರ್ ಹೋಗಿರಬೇಕು. ಅಂದಹಾಗೆ ಇಲ್ಲಿ ಇಬ್ಬರು ವಯಸ್ಕರ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಾಡಲು ಕಾನೂನಿನ ಅವಕಾಶವಿದೆ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಅಬಕಾರಿ ಕೇಸು, ಊರಲ್ಲಿರುವವರು ಓದಿ ಸುಮ್ಮನಿರಿ.

ಇದೇ ಚೀಲದಲ್ಲಿ ಚಿಕ್ಕಮಗಳೂರಿನ ಪೀಬೆರ್ರಿ ಕಾಫಿ ಬೀಜ 40 ಗ್ರಾಂ, ಪುಡಿ ಮಾಡದೆ, ಸ್ಟೌಟ್ (ಕಪ್ಪು ಬಿಯರ್) ಕೆಗ್‌ಗೆ ಬಿಟ್ಟಿದ್ದೆ. ಒಂದು ದಿನಕ್ಕೆ ಸೊಗಸಾದ ಕಾಫಿ, ಒಂದು ವಾರಕ್ಕೆ ದಪ್ಪ ಮೆಣಸಿನಕಾಯಿ ವಾಸನೆ. ಕಾಫಿ ಚೀಲಕ್ಕೆ ಮಾತ್ರ ದಾರ ಕಟ್ಟಿ, 24 ಗಂಟೆಗೆ ಎಳೆದುಬಿಡಿ.

ಕೆಗ್ ಮುಗಿದ ಮೇಲೆ ಚೀಲದ ಚರಟವನ್ನು ಸಿಂಕ್‌ಗೆ ತೊಳೆಯಬೇಡಿ, ಪೈಪ್ ಕಟ್ಟುತ್ತದೆ. ಗೊಬ್ಬರದ ಗುಂಡಿಗೆ ಹಾಕುವವರು ಮುಚ್ಚಳ ಭದ್ರ ಮಾಡಿ: ಹಾಪ್ಸ್ ನಾಯಿಗಳಿಗೆ ವಿಷ, ಬಳಸಿದ ಚರಟ ತಿಂದರೂ ಮೈಬಿಸಿ ವಿಪರೀತ ಏರಿ ಸಾಯಬಹುದು.