ಘಟ್ಟ ಹತ್ತುವಾಗ ಬಂದಾಗುತ್ತಿದ್ದ ಕಾರಿನ ಆಂಪ್ಲಿಫೈಯರ್: ಜಾಗ ಬದಲಿಸಿದ ಬಗೆ
ಮುಂದಿನ ಸೀಟಿನ ಕೆಳಗಿದ್ದ ಆಂಪ್ಲಿಫೈಯರ್ (ಸ್ಟೀರಿಯೋದ ದನಿಯನ್ನು ಹಿಗ್ಗಿಸುವ ಪೆಟ್ಟಿಗೆ), ಸಂಪಾಜೆಯಿಂದ ಮಡಿಕೇರಿಗೆ ಘಟ್ಟ ಹತ್ತುವಾಗ ಕೆಂಪು ದೀಪ ಹೊತ್ತಿಸಿ ಬಂದಾಗುತ್ತಿತ್ತು. ತಣ್ಣಗಾದ ಮೇಲೆ ತಾನಾಗಿಯೇ ಶುರುವಾಗುತ್ತಿತ್ತು. ಗೇನ್ (ಒಳಬರುವ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬ ಹೊಂದಿಕೆ) ಇಳಿಸಿದರೂ, ದಪ್ಪ ತಂತಿ ಎಳೆದರೂ ಫಲವಿರಲಿಲ್ಲ. ಫ್ಯಾನ್ ಇಟ್ಟಾಗ ಅದೇ ಬಿಸಿಗಾಳಿ ಸೀಟಿನಡಿಯಲ್ಲೇ ಸುತ್ತುತ್ತಿತ್ತು. ಸಾಲದ್ದಕ್ಕೆ, ಮಳೆಗಾಲದಲ್ಲಿ ಒದ್ದೆ ಚಪ್ಪಲಿಗಳ ನೀರು ಕಾರ್ಪೆಟ್‌ಗೆ ಇಳಿದು ಸ್ಕ್ರೂಗಳ ತಲೆಗೆ ತುಕ್ಕು ಹಿಡಿದಿತ್ತು. ಸಬ್‌ವೂಫರ್ (ತಗ್ಗಿನ ದನಿಯ ಸ್ಪೀಕರ್) ಪೆಟ್ಟಿಗೆಯ ಮೇಲೆ ಕೂರಿಸುವಂತೆ ಹಲವರು ಸೂಚಿಸುತ್ತಾರೆ. ಸದಾ ಅದುರುವ ಆ ಜಾಗ ನನಗೆ ಒಪ್ಪಿಗೆಯಿಲ್ಲ.

ಕೊನೆಗೆ ಸರಿಹೋದದ್ದು ಹಿಂದಿನ ಸೀಟಿನ ಬೆನ್ನಿನಲ್ಲಿ, ಡಿಕ್ಕಿಯ ಕಡೆಗೆ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಸೀಟಿನ ಬೆನ್ನಿಗೆ 12 ಮಿ.ಮೀ. ಪ್ಲೈವುಡ್ ಹಲಗೆಯನ್ನು ಬಿಗಿದು, ಶಾಖ ಮೇಲೇರಲು ಅನುವಾಗುವಂತೆ ಆಂಪ್ಲಿಫೈಯರಿನ ಮೈಮೇಲಿನ, ಶಾಖ ಹೊರಹಾಕುವ ಲೋಹದ ರೆಕ್ಕೆಗಳು ಲಂಬವಾಗಿ ನಿಲ್ಲುವ ಹಾಗೆ, ಸುತ್ತಲೂ 5 ಸೆಂ.ಮೀ. ತೆರವು ಬಿಟ್ಟು ಜೋಡಿಸಿದೆ. ಅರ್ಥ್ ತಂತಿಯು ವಿದ್ಯುತ್ ತಂತಿಯಷ್ಟೇ ದಪ್ಪವಿದ್ದು 45 ಸೆಂ.ಮೀ. ಮೀರಬಾರದು, ಅದರ ತುದಿ ಕಾರಿನ ಮೈಗೆ ಸೇರುವಲ್ಲಿ ಬಣ್ಣವನ್ನು ಕೆರೆದು ಹೊಳೆಯುವ ಲೋಹಕ್ಕೇ ಬೋಲ್ಟ್ ಬಿಗಿಯಬೇಕು. ವಿದ್ಯುತ್ ತಂತಿ ಕಾರಿನ ಎಡಬದಿಯಲ್ಲಿ, ಸ್ಟೀರಿಯೋದಿಂದ ದನಿಯ ಸಂಕೇತ ತರುವ ಆರ್‌ಸಿಎ ತಂತಿ ಬಲಬದಿಯಲ್ಲಿ ಸಾಗಲಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಸೀಟು ಮಡಚುವಂಥದ್ದಾದರೆ ತಂತಿಗಳಿಗೆ ಸಡಿಲು ಬಿಡಬೇಕು. ಗೇನ್ ಹೊಂದಿಸುವುದು ಕಡೆಯ ಕೆಲಸ: ಸ್ಟೀರಿಯೋದ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕಿಟ್ಟು, ದನಿ ಒಡೆಯುವವರೆಗೆ ಗೇನ್ ಏರಿಸಿ, ಅಲ್ಲಿಂದ ತುಸು ಇಳಿಸಬೇಕು.