ಮೂರು ವರ್ಷದ ಮಗಳ ಜೊತೆ ಮೈಸೂರು ದಸರಾ

ದಸರಾ ಬಂತು ಅಂದರೆ ಮೈಸೂರಿನ ಮನೆಗಳಲ್ಲಿ ಕೆಲಸ ಒಂದಲ್ಲ ಎರಡಲ್ಲ. ಗೊಂಬೆ ಕೂರಿಸಬೇಕು. ಸಂಜೆ ಗೊಂಬೆ ನೋಡಲು ಬರುವ ಮಕ್ಕಳಿಗೆ ಚರಪು, ಅಂದರೆ ಹಂಚುವ ತಿಂಡಿ, ಮಾಡಬೇಕು. ಬೆಂಗಳೂರಿನಿಂದ ಬರುವ ನೆಂಟರಿಗೆ ಊರು ತೋರಿಸಬೇಕು. ಇಷ್ಟರ ಮಧ್ಯೆ ಮನೆಯಲ್ಲಿ ಓಡಾಡುವ ವಯಸ್ಸಿನ ಮಗು ಇದ್ದರೆ ಹಬ್ಬ ಹೇಗೆ ಮಾಡೋದು? ಹೋದ ದಸರಾ ಹೊತ್ತಿಗೆ ನಮ್ಮ ಮಗಳಿಗೆ ಮೂರು ತುಂಬಿತ್ತು. ದಿನಕ್ಕೆ ಒಂದೇ ಸಲ ಹೊರಗೆ, ಮಧ್ಯಾಹ್ನದ ನಿದ್ದೆ ಯಾರು ಬಂದರೂ ತಪ್ಪಬಾರದು ಅಂತ ನಾನು ಮತ್ತು ನನ್ನ ಗಂಡ ಮೊದಲೇ ಮಾತಾಡಿಕೊಂಡಿದ್ದೆವು. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡು ನಡೆಯಿತು. ಹಬ್ಬದಲ್ಲಿ ಅವಳ ಅಳತೆಗೆ ಏನಿದೆ ಅಂತ ಹುಡುಕುತ್ತಾ ಹೋದೆವು. ಹುಡುಕಿದರೆ ಬೇಕಾದಷ್ಟಿದೆ.

ಗೊಂಬೆಯಿಂದಲೇ ಶುರು ಮಾಡುತ್ತೇನೆ, ನಮ್ಮ ಮನೆಯಲ್ಲಿ ಹಬ್ಬ ಶುರುವಾಗೋದು ಅಲ್ಲಿಂದಲೇ. ಅತ್ತೆಯವರದು ಏಳು ಮೆಟ್ಟಿಲಿನ ಗೊಂಬೆ. ಮೇಲಿನ ಮೆಟ್ಟಿಲಲ್ಲಿ ರಕ್ತಚಂದನದ ಪಟ್ಟದ ಗೊಂಬೆ, ಅಂದರೆ ರಾಜ ರಾಣಿ. ಅವು ಅತ್ತೆಯವರ ಮದುವೆಯಲ್ಲಿ ತವರಿನಿಂದ ಬಂದವು. ಕೆಳಗೆ ದಶಾವತಾರ, ಮದುವೆ ದಿಬ್ಬಣ, ಮಣ್ಣಿನ ಶೆಟ್ಟಿ ಶೆಟ್ಟಮ್ಮ. ಇವು ಒಡೆದರೆ ಮತ್ತೆ ಅಂಥವೇ ಸಿಗುವುದಿಲ್ಲ. ಮೂರು ವರ್ಷದ ಮಗುವಿನ ಕಣ್ಣೆದುರು ಇಷ್ಟು ಗೊಂಬೆ ಜೋಡಿಸಿಟ್ಟು ಮುಟ್ಟಬೇಡ ಅಂದರೆ ಆಗುತ್ತದೆಯೇ?

ದಾರಿ ತೋರಿಸಿದ್ದು ಅತ್ತೆಯವರೇ. "ಹತ್ತು ದಿನ ಮುಟ್ಟಬೇಡ ಮುಟ್ಟಬೇಡ ಅಂತ ಅದರ ಹಿಂದೆ ಯಾರು ಓಡ್ತಾರೆ? ಕೆಳಗಿನ ಮೆಟ್ಟಿಲು ಅವಳಿಗೇ ಬಿಟ್ಟುಬಿಡು" ಅಂದರು. ಹಾಗಾಗಿ ಕೆಳಗಿನ ಮೆಟ್ಟಿಲು ಅವಳದಾಯಿತು. ಅಲ್ಲಿಗೆ ಚನ್ನಪಟ್ಟಣದ ಮರದ ಗೊಂಬೆಗಳನ್ನು ತಂದೆವು. ಹಗುರವಾದ ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಗೊಂಬೆಗಳು. ಬಿದ್ದರೆ ಒಡೆಯುವುದಿಲ್ಲ. ಮೂಲೆಗಳೆಲ್ಲ ದುಂಡಗಿರುತ್ತವೆ, ಚುಚ್ಚುವುದಿಲ್ಲ. ಕೊಳ್ಳುವಾಗ ಸಣ್ಣ ಬಿಡಿ ಭಾಗ ಕಿತ್ತು ಬರುವಂಥದ್ದು ಇದೆಯಾ ಅಂತ ಮಾತ್ರ ಎಳೆದು ನೋಡಿ. ಮಗಳು ದಿನಾ ಬೆಳಿಗ್ಗೆ ಎದ್ದು ತನ್ನ ಮೆಟ್ಟಿಲನ್ನು ಹೊಸದಾಗಿ ಜೋಡಿಸುತ್ತಿದ್ದಳು. ಒಂದು ದಿನ ಆನೆಗಳ ಮೆರವಣಿಗೆ, ಇನ್ನೊಂದು ದಿನ ಎಲ್ಲ ಗೊಂಬೆಗೂ ಜ್ವರ, ಸಾಲಾಗಿ ಮಲಗಿಸಿ ಕರವಸ್ತ್ರ ಹೊದಿಸಿದ್ದಳು. ಸಂಜೆ ಬಂದವರು ರಾಜ ರಾಣಿಗಿಂತ ಜಾಸ್ತಿ ಹೊತ್ತು ಆ ಆಸ್ಪತ್ರೆ ನೋಡಿದರು. ತನ್ನದು ಅಂತ ಒಂದು ಮೆಟ್ಟಿಲು ಸಿಕ್ಕಿದ ಮೇಲೆ ಮೇಲಿನವಕ್ಕೆ ಅವಳು ಕೈ ಹಾಕಿದ್ದು ಅಪರೂಪ.

ಗೊಂಬೆಗಳ ಜೊತೆ ಮಾಡಿಡುವ ಪುಟ್ಟ ಪಾರ್ಕು ಕೂಡ ಅವಳದೇ. ಹಬ್ಬಕ್ಕೆ ಒಂದು ವಾರ ಮೊದಲು ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದೆವು. ಚಮಚದಲ್ಲಿ ನೀರು ಹಾಕುವುದು ಅವಳ ಕೆಲಸ. ನಾಲ್ಕೈದು ದಿನಕ್ಕೆ ಹಸಿರು ಕಾಣಿಸಿತು. ಗೊಂಬೆ ಕೂರಿಸುವ ಪಾಡ್ಯದ ಹೊತ್ತಿಗೆ ಒಳ್ಳೆ ಹುಲ್ಲುಹಾಸೇ ಆಗಿತ್ತು. ಮಕ್ಕಳಿರುವ ಮನೆಯವರು ಇದೊಂದನ್ನು ತಪ್ಪದೆ ಮಾಡಿ. ಖರ್ಚಿಲ್ಲ, ಮತ್ತೆ ಹಬ್ಬಕ್ಕೆ ಕಾಯುವುದು ಹೇಗೆ ಅನ್ನೋದು ಮಗುವಿಗೆ ಕಣ್ಣಲ್ಲೇ ಕಾಣುತ್ತದೆ.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ಗೊಂಬೆ ಪೆಟ್ಟಿಗೆಯಲ್ಲಿ ನಮ್ಮಲ್ಲಿ ಅನೇಕರು ನುಸಿ ಗುಳಿಗೆ ಹಾಕಿಡುತ್ತೇವೆ. ವರ್ಷವಿಡೀ ಮುಚ್ಚಿದ ಪೆಟ್ಟಿಗೆಯನ್ನು ನಡುಮನೆಯಲ್ಲಿ ಬಿಚ್ಚಿ ಹರಡಿದಾಗ ಆ ಬಿಳಿ ಗುಳಿಗೆಗಳು ನೆಲದ ಮೇಲೆ ಉರುಳುತ್ತವೆ. ಮಗುವಿಗೆ ಅದು ಪೆಪ್ಪರ್‌ಮೆಂಟಿನ ಹಾಗೇ ಕಾಣುತ್ತದೆ. ಆದರೆ ಆ ಗುಳಿಗೆಯಲ್ಲಿರುವ ನ್ಯಾಫ್ತಲಿನ್ ವಿಷ. ಹೊಟ್ಟೆಗೆ ಹೋದರೆ ರಕ್ತದ ಕೆಂಪು ಕಣಗಳೇ ಒಡೆಯಬಹುದು, ಕೆಲವು ಮಕ್ಕಳ ಮೈಗೆ ಅದು ಇನ್ನೂ ಜಾಸ್ತಿ ಅಪಾಯ. ನಾವು ಮಗಳನ್ನು ಅವಳ ತಾತನ ಜೊತೆ ಹೊರಗೆ ಕಳಿಸಿ ಪೆಟ್ಟಿಗೆ ಬಿಚ್ಚಿದೆವು. ಗುಳಿಗೆಗಳನ್ನೆಲ್ಲ ಆರಿಸಿ ಎಸೆದು, ನೆಲ ಗುಡಿಸಿ ಒರೆಸಿದ ಮೇಲೇ ಅವಳನ್ನು ಒಳಗೆ ಕರೆದದ್ದು. ಹಬ್ಬ ಮುಗಿದು ಗೊಂಬೆ ಎತ್ತಿಡುವಾಗ ಒಣಗಿದ ಬೇವಿನ ಸೊಪ್ಪು ಹಾಕಿದೆವು. ಇನ್ನುಮೇಲೆ ನಮ್ಮ ಮನೆಗೆ ಆ ಗುಳಿಗೆ ಬೇಡ.

ಮೆಟ್ಟಿಲಿನ ಹಲಗೆಗಳನ್ನು ಹಿಂದಿನಿಂದ ಕಿಟಕಿ ಸರಳಿಗೆ ಹಗ್ಗ ಹಾಕಿ ಬಿಗಿದಿದ್ದೆವು. ಸೀರಿಯಲ್ ಸೆಟ್ ದೀಪದ ವೈರು ಅವಳ ಕೈಗೆ ಎಟುಕದ ಎತ್ತರದಲ್ಲಿತ್ತು. ಎಣ್ಣೆ ದೀಪ ಆರತಿ ಹೊತ್ತಿಗೆ ಮಾತ್ರ, ದೊಡ್ಡವರು ಎದುರಿಗಿದ್ದಾಗ.

ಇನ್ನು ಆನೆ. ದಸರಾ ಅಂದರೆ ನಮ್ಮ ಮಗಳಿಗೆ ಆನೆಯೇ. ಜಂಬೂ ಸವಾರಿ ನೋಡಲು ಲಕ್ಷಾಂತರ ಜನ ಬರುತ್ತಾರೆ. ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಸಿಗಬೇಕಾದರೆ ಬೆಳಿಗ್ಗೆಯಿಂದಲೇ ಕೂರಬೇಕು. ಬಿಸಿಲು, ನೂಕುನುಗ್ಗಲು, ಶೌಚಕ್ಕೆ ಎದ್ದರೆ ಜಾಗ ಹೋಯಿತು. ಅಷ್ಟೆಲ್ಲ ಕಾದು ಮಗುವಿಗೆ ಕಾಣೋದು ಮುಂದಿನವರ ಬೆನ್ನು. ಆದರೆ ಅದೇ ಆನೆಗಳು ಹಬ್ಬಕ್ಕೆ ಎಷ್ಟೋ ವಾರ ಮೊದಲೇ ಊರಿಗೆ ಬಂದಿರುತ್ತವೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು, ಅರಮನೆ ಆವರಣದಲ್ಲಿ ಬಿಡಾರ ಹೂಡುತ್ತವೆ. ಅಲ್ಲಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ತಾಲೀಮು. ಬೆಳಿಗ್ಗೆ ತಣ್ಣಗಿನ ಹೊತ್ತಲ್ಲಿ ಒಮ್ಮೆ, ಸಂಜೆ ಒಮ್ಮೆ. ಟಿಕೆಟ್ಟಿಲ್ಲ, ಪಾಸಿಲ್ಲ. ಫುಟ್‌ಪಾತಿನಲ್ಲಿ ನಿಂತರೆ ಆಯಿತು.

ನಾವು ಹೋದದ್ದು ಬೆಳಗಿನ ತಾಲೀಮಿಗೆ. ಅವಳು ಎದ್ದು ಹಾಲು ಕುಡಿದ ಕೂಡಲೇ ಸ್ಕೂಟರಿನಲ್ಲಿ ಹೊರಡುತ್ತಿದ್ದೆವು. ಮನೆ ಚಾಮುಂಡಿಪುರಂನಲ್ಲಿ, ಹಾಗಾಗಿ ದೂರವೇನಿಲ್ಲ. ಕೆ.ಆರ್. ಸರ್ಕಲ್ಲಿನ ಜನ ಬಿಟ್ಟು, ಆಯುರ್ವೇದ ಆಸ್ಪತ್ರೆ ದಾಟಿದ ಮೇಲೆ ರಸ್ತೆ ಪಕ್ಕದಲ್ಲಿ ಒಂದು ಜಗಲಿ ಹುಡುಕಿಕೊಂಡಿದ್ದೆವು. ಮುಂದೆ ಅಭಿಮನ್ಯು, 2020ರಿಂದ ಅಂಬಾರಿ ಹೊರುತ್ತಿರುವ ಆನೆ. ಹಿಂದೆ ಉಳಿದವು. 750 ಕೆಜಿ ತೂಕದ ಅಂಬಾರಿ ಹೊರುವುದಕ್ಕೆ ಮೊದಲು ಆನೆಗೆ ಮರಳಿನ ಮೂಟೆ ಕಟ್ಟಿ, ದಿನೇ ದಿನೇ ತೂಕ ಏರಿಸುತ್ತಾರೆ. ಆಮೇಲೆ ಮರದ ಅಂಬಾರಿ. ಅದನ್ನೆಲ್ಲ ಮಗಳಿಗೆ ಹೇಳಿದೆ. "ಆನೆಗೂ ಸ್ಕೂಲ್ ಇದೆಯಾ ಅಮ್ಮ?" ಅಂದಳು. ಇದೆ ಪುಟ್ಟ, ನೋಡು ಎಷ್ಟು ಸಾಲಾಗಿ ಹೋಗ್ತಿವೆ ಅಂದೆ. ಮಾವುತರು, ಅವರಿಗೆ ಸಹಾಯಕರಾದ ಕಾವಾಡಿಗರು ಹೆಂಡತಿ ಮಕ್ಕಳ ಸಮೇತ ಬಂದಿರುತ್ತಾರೆ, ಆ ಮಕ್ಕಳಿಗೆ ಅರಮನೆ ಆವರಣದಲ್ಲೇ ಟೆಂಟ್ ಶಾಲೆ ನಡೆಯುತ್ತದೆ ಅಂತಲೂ ಹೇಳಿದೆ. 2022ರಲ್ಲಿ ಲಕ್ಷ್ಮಿ ಅನ್ನೋ ಆನೆ ಅದೇ ಆವರಣದಲ್ಲಿ ಮರಿ ಹಾಕಿದ ಕಥೆಯನ್ನಂತೂ ಅವಳು ದಿನಾ ರಾತ್ರಿ ಮಲಗುವಾಗ ಕೇಳುತ್ತಿದ್ದಳು.

ದೂರ ಮಾತ್ರ ಇರಬೇಕು. ಎಷ್ಟು ಪಳಗಿದರೂ ಆನೆ ಆನೆಯೇ. 2024ರಲ್ಲಿ ಧನಂಜಯ, ಕಂಜನ್ ಅನ್ನುವ ಎರಡು ದಸರಾ ಆನೆಗಳು ರಾತ್ರಿ ಜಗಳವಾಡಿ ಅರಮನೆ ಗೇಟು ದಾಟಿ ರಸ್ತೆಗೇ ಬಂದಿದ್ದವು. ಸದ್ಯ ಯಾರಿಗೂ ಏನೂ ಆಗಲಿಲ್ಲ. ಮಗುವನ್ನು ಎತ್ತಿಕೊಂಡು ಸೆಲ್ಫಿಗೆ ಹತ್ತಿರ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ದಯವಿಟ್ಟು ಹೋಗಬೇಡಿ.

ಶಬ್ದದ ವಿಷಯದಲ್ಲಿ ನಾನು ಕಲಿತದ್ದು ಮಾವುತರಿಂದ ಅಂತಲೇ ಹೇಳಬೇಕು. ವಿಜಯದಶಮಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಬೆದರಬಾರದು ಅಂತ ಆನೆ, ಕುದುರೆಗಳಿಗೆ ಮೊದಲೇ ಬೇರೆ ಬೇರೆ ದಿನ ಅಭ್ಯಾಸ ಮಾಡಿಸುತ್ತಾರೆ. ಮೊದಲ ಸಲ ಕೆಲವು ಬೆಚ್ಚುತ್ತವೆ. ಕೇಳಿ ಕೇಳಿ ಆಮೇಲೆ ಸುಮ್ಮನಾಗುತ್ತವೆ. ನಮ್ಮ ಮಗಳಿಗೆ ಮಿಕ್ಸಿ ಸದ್ದಿಗೂ ಅಳು ಬರುತ್ತಿತ್ತು. ತೋಪಿನ ತಾಲೀಮಿನ ಸದ್ದು ನಮ್ಮ ಮನೆಗೂ ಕೇಳಿಸುತ್ತದೆ. ಆ ದಿನ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು, ಈಗ ಢಂ ಅನ್ನುತ್ತೆ ನೋಡು, ಅಭಿಮನ್ಯುನೂ ಕೇಳಿಸಿಕೊಳ್ತಿದ್ದಾನೆ ಅಂತ ಮೊದಲೇ ಹೇಳುತ್ತಿದ್ದೆ. ಸದ್ದು ದೂರದ್ದು, ಅಮ್ಮ ಹತ್ತಿರ. ಕೊನೆಕೊನೆಗೆ ಅವಳೇ ಢಂ ಅನ್ನತೊಡಗಿದಳು. ಆ ಬಾರಿ ದೀಪಾವಳಿಯಲ್ಲಿ ಬೀದಿಯ ಪಟಾಕಿಗೂ ಇದೇ ಕ್ರಮ. ಕಿಟಕಿ ಮುಚ್ಚಿ ಒಳಗಿನಿಂದ ನೋಡಿದೆವು, ಕಿವಿ ಮುಚ್ಚಿಕೊಳ್ಳಲು ಬಿಟ್ಟೆವು. ಹೆದರುಪುಕ್ಕಿ ಅನ್ನೋ ಮಾತನ್ನು ಮನೆಯಲ್ಲಿ ಯಾರೂ ಆಡಬಾರದು ಅಂತ ನೆಂಟರಿಗೂ ಹೇಳಿದ್ದೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ತಿಂಡಿ ಬಗ್ಗೆ. ಸಂಜೆ ಮಕ್ಕಳು ಗುಂಪು ಕಟ್ಟಿಕೊಂಡು "ಗೊಂಬೆ ಕೂರಿಸಿದ್ದೀರಾ?" ಅಂತ ಮನೆಮನೆಗೆ ಹೋಗುವುದು ಈಗ ಕಡಿಮೆಯಾಗಿದೆ. ನಮ್ಮ ಬೀದಿಯಲ್ಲಿ ಇನ್ನೂ ಉಳಿದಿದೆ, ಅದು ನಮ್ಮ ಪುಣ್ಯ. ಮಗಳ ಕೈಗೆ ಮುಚ್ಚಳವಿರುವ ಪುಟ್ಟ ಸ್ಟೀಲ್ ಡಬ್ಬಿ ಕೊಟ್ಟೆ. ಯಾರು ಏನು ಚರಪು ಕೊಟ್ಟರೂ ಡಬ್ಬಿಗೆ. ಮನೆಗೆ ಬಂದು ಊಟ ಆದ ಮೇಲೆ ಅದರಲ್ಲಿ ಎರಡು ಆರಿಸಿಕೊಳ್ಳಬಹುದು. ಡಬ್ಬಿ ಹಿಡಿದು ಹೋಗುವುದೇ ಅವಳಿಗೆ ದೊಡ್ಡ ಸಂಭ್ರಮ, ತಿನ್ನೋದು ಆಮೇಲಿನ ಮಾತು. ಇನ್ನೊಂದು ಕಾರಣವೂ ಇತ್ತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ, ಗಟ್ಟಿ ಕಡಲೆ ಕಾಳು, ಗಟ್ಟಿ ಮಿಠಾಯಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅದರಲ್ಲೂ ಓಡುತ್ತಾ ತಿಂದರೆ. ಡಬ್ಬಿ ಇದ್ದರೆ ಮೊದಲು ನಾನು ನೋಡಬಹುದು. ನಮ್ಮ ಮನೆ ಚರಪಿಗೆ ಹೆಸರು ಬೇಳೆ ಕೋಸಂಬರಿ, ಚೆನ್ನಾಗಿ ಬೆಂದ ಕಾಳಿನ ಉಸಲಿ. ಅವಳ ಪಾಲಿನ ಉಸಲಿಗೆ ಮೆಣಸಿನಕಾಯಿ ಇಲ್ಲ, ಕಾಳನ್ನು ಬೆರಳಲ್ಲಿ ಹಿಸುಕಿ ಕೊಡುತ್ತಿದ್ದೆ.

ಆಯುಧಪೂಜೆಯ ದಿನ ತಾತನ ಸ್ಕೂಟರಿನ ಪಕ್ಕದಲ್ಲಿ ಅವಳ ಮೂರು ಗಾಲಿ ಸೈಕಲ್ಲಿಗೂ ಹೂವು, ಕುಂಕುಮ. ತೊಳೆದವಳೂ ಅವಳೇ. ಬೂದುಗುಂಬಳ ಒಡೆದ ಮೇಲೆ ಚೂರುಗಳನ್ನು ರಸ್ತೆಯಿಂದ ಆಗಲೇ ಬಳಿದು ತೆಗೆದೆವು. ಎಲ್ಲರೂ ಹೀಗೆ ಮಾಡಿದರೆ ಆ ರಾತ್ರಿ ಜಾರಿ ಬೀಳುವ ಗಾಡಿಗಳು ಎಷ್ಟೋ ಕಡಿಮೆಯಾಗುತ್ತವೆ.

ಜಂಬೂ ಸವಾರಿಯನ್ನು ಮನೆಯಲ್ಲೇ ಕೂತು ಚಂದನದಲ್ಲಿ ನೋಡಿದೆವು. ನೆಂಟರಲ್ಲಿ ದೊಡ್ಡ ಮಕ್ಕಳಿದ್ದವರು ನನ್ನ ಗಂಡನ ಜೊತೆ ರಸ್ತೆಗೆ ಹೋದರು. ನಾನು, ಅತ್ತೆ, ಮಾವ, ಮಗಳು ಟಿವಿ ಮುಂದೆ. ಅಭಿಮನ್ಯು ಕಾಣಿಸಿದ ಕೂಡಲೇ "ನಮ್ಮ ಆನೆ!" ಅಂತ ಕುಣಿದಳು. ತಾಲೀಮಿನಲ್ಲಿ ಅಷ್ಟು ಸಲ ನೋಡಿರದಿದ್ದರೆ ಆ ಸಂತೋಷ ಇರುತ್ತಿರಲಿಲ್ಲ.

ಅರಮನೆ ದೀಪ, ಎಕ್ಸಿಬಿಷನ್ ಎರಡನ್ನೂ ನಾವು ಮುಂದಕ್ಕೆ ಹಾಕಿದೆವು. ಸುಮಾರು ಒಂದು ಲಕ್ಷ ಬಲ್ಬಿನ ಆ ದೀಪಾಲಂಕಾರ ವರ್ಷವಿಡೀ ಭಾನುವಾರಗಳ ಸಂಜೆ ಸ್ವಲ್ಪ ಹೊತ್ತು ಬೆಳಗುತ್ತದೆ. ನವರಾತ್ರಿಯ ಜನಜಂಗುಳಿಯಲ್ಲೇ ನೋಡಬೇಕು ಅಂತೇನಿಲ್ಲ. ದೊಡ್ಡಕೆರೆ ಮೈದಾನದ ಎಕ್ಸಿಬಿಷನ್ನೂ ದಸರಾ ಮುಗಿದ ಮೇಲೆ ವಾರಗಟ್ಟಲೆ ಇರುತ್ತದೆ. ದೀಪಾವಳಿ ಕಳೆದು, ಒಂದು ಬುಧವಾರ ಸಂಜೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ಆದರೂ ಅವಳ ತೋಳಿನ ಮೇಲೆ ಪೆನ್ನಿನಲ್ಲಿ ನನ್ನ ಫೋನ್ ನಂಬರ್ ಬರೆದಿದ್ದೆ. ಜನ ಕಡಿಮೆ, ಆಟಗಳಿಗೆ ಸಾಲಿಲ್ಲ. ಅವಳು ಮೆರಿ ಗೋ ರೌಂಡ್ ಹತ್ತಿ ಇಳಿದು ಮತ್ತೆ ಹತ್ತಿದಳು. ತಾತನ ಮುಖಕ್ಕಿಂತ ಅಗಲವಾದ ಡೆಲ್ಲಿ ಹಪ್ಪಳವನ್ನು ಇಬ್ಬರೂ ಎರಡು ಕಡೆಯಿಂದ ಮುರಿದು ತಿಂದರು. ಎಂಟು ಗಂಟೆಗೆಲ್ಲ ಮನೆಯಲ್ಲಿದ್ದೆವು.