ನಾಲ್ಕು ಹಾಳೆಯಲ್ಲಿ ನಿಮ್ಮದೇ ಫ್ಯಾನ್‌ಝೀನ್

ವೈಜ್ಞಾನಿಕ ಕಥೆ ಓದಿ ಸುಮ್ನೆ ಇರಲಾಗದವರು ತಾವೇ ಬರೆದು, ತಾವೇ ಅಚ್ಚು ಹಾಕಿ ಹಂಚುವ ಪುಟ್ಟ ಪತ್ರಿಕೆಗೆ ಫ್ಯಾನ್‌ಝೀನ್ ಎನ್ನುತ್ತಾರೆ. ಇದು ಹುಟ್ಟಿದ್ದೇ ಓದುಗರ ಪತ್ರಗಳಿಂದ. 1926ರಲ್ಲಿ ಶುರುವಾದ ಅಮೆರಿಕದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯು ಪತ್ರ ಬರೆದವರ ಪೂರ್ತಿ ವಿಳಾಸವನ್ನೂ ಹಾಕತೊಡಗಿತು. ಓದುಗರು ಒಬ್ಬರಿಗೊಬ್ಬರು ಬರೆದುಕೊಂಡರು, ಸಂಘ ಕಟ್ಟಿದರು. ಅಂಥದ್ದೊಂದು ಸಂಘ 1930ರಲ್ಲಿ ಹೊರತಂದ ‘ದಿ ಕಾಮೆಟ್’ ಈ ಬಗೆಯ ಮೊದಲ ಪತ್ರಿಕೆ ಎಂಬ ಮಾತಿದೆ.

ಮೊದಲು ಬರಹ ಕೂಡಿಸಿ. ಒಂದು ಕಥೆ, ಎರಡು ಪುಸ್ತಕ ವಿಮರ್ಶೆ, ನಿಮ್ಮ ಸಂಪಾದಕೀಯ ಇದ್ದರೆ ಧಾರಾಳವಾಯಿತು. ಸಂಪಾದಕೀಯದಲ್ಲಿ ಎಲ್ಲರೂ ಒಪ್ಪುವ ಮಾತು ಬೇಡ. ಯಾವ ಕಥೆ ಯಾಕೆ ಸೋತಿತು ಎಂದು ನೇರವಾಗಿ ಬರೆಯಿರಿ. ಜಗಳಕ್ಕೆ ಬರುವವರೇ ಮುಂದೆ ನಿಮ್ಮ ಲೇಖಕರಾಗುತ್ತಾರೆ.

ಈಗ ಪುಟಗಳ ಲೆಕ್ಕ. ಎ4 ಹಾಳೆಯನ್ನು ನಡುವೆ ಮಡಿಸಿದರೆ ನಾಲ್ಕು ಪುಟ. ನಾಲ್ಕು ಹಾಳೆಗೆ 16. ಆದ್ದರಿಂದ ಪುಟಗಳ ಸಂಖ್ಯೆ ಯಾವಾಗಲೂ ನಾಲ್ಕರಿಂದ ಭಾಗವಾಗಬೇಕು. ಖಾಲಿ ಹಾಳೆಗಳನ್ನು ಮಡಿಸಿ, ಒಂದರೊಳಗೊಂದು ಸೇರಿಸಿ, ಪೆನ್ಸಿಲ್‌ನಲ್ಲಿ 1ರಿಂದ 16ರವರೆಗೆ ಬರೆಯಿರಿ. ಬಿಡಿಸಿ ನೋಡಿದರೆ 16ರ ಪಕ್ಕ 1, ಅದರ ಬೆನ್ನಿಗೆ 2 ಮತ್ತು 15 ಇರುತ್ತವೆ. ಬಿಡಿಸಿದ ಹಾಳೆಯಲ್ಲಿ ಅಕ್ಕಪಕ್ಕದ ಎರಡು ಪುಟ ಕೂಡಿದರೆ ಪ್ರತಿ ಸಲವೂ 17. ಕೂಡದಿದ್ದರೆ ಎಲ್ಲೋ ತಪ್ಪಿದೆ. ಈ ಮಾದರಿ ಎದುರಿಗಿಟ್ಟುಕೊಂಡೇ ಪುಟ ಜೋಡಿಸಿ.

ಅಚ್ಚು ಈಗ ಸುಲಭ. ಜೆರಾಕ್ಸ್ ಸಾಕು. ಹಿಂದಿನವರು ಶಾಯಿ ಹೀರಿಕೊಂಡ ಜೆಲ್ಲಿ ತಟ್ಟೆಯ ಮೇಲೆ (ಇದೇ ಹೆಕ್ಟೋಗ್ರಾಫ್) ಒಂದೊಂದೇ ಹಾಳೆ ಒತ್ತಿ ತೆಗೆಯುತ್ತಿದ್ದರು. ಐವತ್ತನೇ ಪ್ರತಿಯ ಆಸುಪಾಸಿಗೆ ಬರುವಷ್ಟರಲ್ಲಿ ಅಕ್ಷರ ಮಸುಕು. ಜಾಸ್ತಿ ಪ್ರತಿ ಬೇಕಾದವರು ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡುತ್ತಿದ್ದರು. ಎಲ್ಲ ಪ್ರತಿ ತೆಗೆಯುವ ಮೊದಲು ಒಂದನ್ನು ಮಡಿಸಿ ಓದಿ ನೋಡಿ. ಮಡಿಕೆಯ ಗೆರೆಯ ಮೇಲೆ, ಹೊರಗಡೆಯಿಂದ ಎರಡು ಪಿನ್ ಹೊಡೆಯಿರಿ. ಮಾಮೂಲಿ ಸ್ಟೇಪ್ಲರ್ ಅಲ್ಲಿಗೆ ತಲುಪದು, ಉದ್ದ ತೋಳಿನದ್ದು ಬೇಕು.

ಹಂಚುವುದಕ್ಕೆ ಹಳೆಯ ಸಂಪಾದಕರ ಪದ್ಧತಿ ನನಗೆ ತುಂಬಾ ಇಷ್ಟ. ದುಡ್ಡಿನ ಬದಲು ಅವರು ಕೇಳುತ್ತಿದ್ದದ್ದು ಒಂದು ಪತ್ರ, ಇಲ್ಲವೇ ಒಂದು ಬರಹ, ಅದೂ ಇಲ್ಲದಿದ್ದರೆ ಓದುಗ ತಾನೇ ತಂದ ಫ್ಯಾನ್‌ಝೀನಿನ ಒಂದು ಪ್ರತಿ. ಇದಕ್ಕೆ ‘ದಿ ಯೂಶುವಲ್’ ಎಂದೇ ಹೆಸರು. ನೀವೂ ಎರಡನೇ ಪುಟದಲ್ಲಿ ಇದನ್ನು ಬರೆದು, ಪತ್ರ ಕಳಿಸಬೇಕಾದ ವಿಳಾಸ ಹಾಕಿ. ಆದರೆ ಓದುಗರ ವಿಳಾಸವನ್ನು ಅವರು ಒಪ್ಪದೆ ಅಚ್ಚು ಹಾಕಬೇಡಿ.

ಪತ್ರ ಬಂದರೆ ಅದಕ್ಕೆ ಒಳ್ಳೆಯ ಜಾಗ ಕೊಡಿ. ಉದ್ದವಾಗಿದ್ದರೆ ಕತ್ತರಿಸಿ, ಆದರೆ ವಾದದ ಮೊನೆ ಮುರಿಯಬೇಡಿ. ನಿಮ್ಮನ್ನು ಬೈದ ಸಾಲು ಮೊದಲು ಉಳಿಯಲಿ. ಉತ್ತರ ಕೊಡುವುದಾದರೆ ಪತ್ರ ಮುಗಿದ ಮೇಲೆ, ಎರಡೇ ಸಾಲಿನಲ್ಲಿ.

ಎಷ್ಟು ಸಂಚಿಕೆ ಎಂಬ ಚಿಂತೆ ಬೇಡ. ಮುಂದೆ ಹೆಸರಾಂತ ಕಥೆಗಾರನಾದ ರೇ ಬ್ರಾಡ್‌ಬರಿ ಹುಡುಗನಾಗಿದ್ದಾಗ ತಂದ ‘ಫ್ಯೂಚೂರಿಯಾ ಫ್ಯಾಂಟೇಸಿಯಾ’ ನಾಲ್ಕೇ ಸಂಚಿಕೆಗೆ ನಿಂತಿತು. ಪತ್ರ ಬರೆದವರಿಗೆಲ್ಲ ಮುಂದಿನ ಸಂಚಿಕೆ ತಪ್ಪದೆ ತಲುಪಿಸಿ.